ಮೀನಿನ ತೊಟ್ಟಿಗೊಂದು ಕತ್ತರಿ

ಕೇಳುಗರಿಗೆಲ್ಲ ನಮಸ್ಕಾರ. ಮನೆಯಲ್ಲಿ ಗಾಜಿನ ತೊಟ್ಟಿ ಇಟ್ಟು ಮೀನು ಸಾಕುವವರು, ಅದರೊಳಗೇ ನೀರುಗಿಡ ಬೆಳೆಸುವವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ತಂದಾಗ ಗಿಡ ಎಷ್ಟು ಚೆನ್ನಾಗಿತ್ತು ಮೇಡಂ, ಈಗ ನೋಡಿದರೆ ಮೇಲೆ ಮಾತ್ರ ಎಲೆ, ಕೆಳಗೆ ಬರೀ ಕಡ್ಡಿ. ಯಾವ ಗೊಬ್ಬರ ಹಾಕಲಿ?" ಗೊಬ್ಬರದ ಮಾತು ಆಮೇಲೆ. ಮೊದಲು ನೀವು ಹೇಳಿ, ಕತ್ತರಿ ಹಾಕಿದ್ದೀರಾ? ಹಾಕಿರುವುದಿಲ್ಲ. ಹೆದರಿಕೆ. ದುಡ್ಡು ಕೊಟ್ಟು ತಂದ ಗಿಡ, ಕತ್ತರಿಸಿದರೆ ಸತ್ತೇ ಹೋದೀತು ಅಂತ.

ಸಾಯುವುದಿಲ್ಲ. ಇವತ್ತಿನ ಮಾತೆಲ್ಲ ಇಷ್ಟೇ: ಕತ್ತರಿಸಿ.

ನಾನು ಹೇಳುತ್ತಿರುವುದು ನೆಟ್ಟಗೆ ಕಾಂಡ ಬಿಟ್ಟು ಬೆಳೆಯುವ ಗಿಡಗಳ ವಿಷಯ. ರೊಟಾಲಾ, ಲುಡ್ವಿಜಿಯಾ, ಹೈಗ್ರೊಫಿಲಾ, ಬಕೋಪಾ, ಕಬೊಂಬಾ. ಬಕೋಪಾ ಅಂದರೆ ಗಾಬರಿಯಾಗಬೇಡಿ, ನಮ್ಮ ನೀರುಬ್ರಾಹ್ಮಿಯೂ ಅದೇ ಕುಲದ್ದು. ಇವುಗಳ ಕಾಂಡವನ್ನು ಹತ್ತಿರದಿಂದ ನೋಡಿ, ಕಬ್ಬಿನಲ್ಲಿರುವ ಹಾಗೆ ಗಿಣ್ಣು ಗಿಣ್ಣು ಇರುತ್ತದೆ. ಎಲೆ ಹೊರಡುವುದು ಗಿಣ್ಣಿನಲ್ಲಿ, ಬೇರು ಹೊರಡುವುದೂ ಅಲ್ಲೇ, ಹೊಸ ಚಿಗುರು ಮಲಗಿರುವುದೂ ಅಲ್ಲೇ. ಆ ಚಿಗುರನ್ನು ಏಳಗೊಡದೆ ಇಟ್ಟಿರುವುದು ಮೇಲಿನ ಕುಡಿ. ಕುಡಿಯಲ್ಲಿ ಆಕ್ಸಿನ್ ಎನ್ನುವ ಹಾರ್ಮೋನು ಹುಟ್ಟಿ ಕೆಳಕ್ಕೆ ಇಳಿಯುತ್ತದೆ. ಅದು ಇಳಿಯುತ್ತಿರುವಷ್ಟು ದಿನ ಪಕ್ಕದ ಮೊಗ್ಗುಗಳು ಸುಮ್ಮನಿರುತ್ತವೆ, ಗಿಡ ಬೆಳಕಿನ ಕಡೆಗೆ ಒಂಟಿಯಾಗಿ ಏರುತ್ತ ಹೋಗುತ್ತದೆ. ನೀರಿನ ಮಟ್ಟ ಮುಟ್ಟಿ ಅಲ್ಲಿ ಹರಡಿಕೊಂಡಿತೋ, ಕೆಳಗೆಲ್ಲ ಕತ್ತಲೆ. ಕತ್ತಲೆಯಲ್ಲಿ ಎಲೆ ಉದುರುತ್ತದೆ. ಇದಕ್ಕೆ ಗೊಬ್ಬರ ಏನು ಮಾಡೀತು? ಕುಡಿ ತೆಗೆಯಿರಿ, ಕೆಳಗಿನ ಗಿಣ್ಣಿನಿಂದ ಒಂದಕ್ಕೆ ಎರಡು ಕವಲು ಬರುತ್ತವೆ.

ಇಲ್ಲಿ ಒಂದು ಘಟನೆ ಹೇಳಲೇಬೇಕು. ಶಿವಮೊಗ್ಗದಲ್ಲಿ ನಮ್ಮ ಬೀದಿಯಲ್ಲಿ ಒಬ್ಬ ಬ್ಯಾಂಕ್ ಅಧಿಕಾರಿ ಇದ್ದರು. ದೊಡ್ಡ ತೊಟ್ಟಿ, ದುಬಾರಿ ಎಲ್‌ಇಡಿ ದೀಪ, ಬೆಂಗಳೂರಿನಿಂದ ಪಾರ್ಸೆಲ್ ತರಿಸಿದ ಕೆಂಪು ರೊಟಾಲಾ. ಕತ್ತರಿ ಹಾಕಿ ಅಂತ ನಾನು ಹೇಳಿ ಹೇಳಿ ಸಾಕಾಗಿದ್ದೆ. "ನೋಡೋಣ ಮೇಡಂ, ಇನ್ನೊಂದು ವಾರ ಹೋಗಲಿ" ಅನ್ನುವರು. ಅಷ್ಟರಲ್ಲಿ ಹೊಸನಗರದ ಕಡೆಯ ಹಳ್ಳಿಯಿಂದ ಅವರ ತಾಯಿ ಬಂದರು. ಬದುಕೆಲ್ಲ ಗದ್ದೆ, ತೋಟ, ಹೂವಿನ ಗಿಡ ಅಂತ ಕಳೆದವರು. ತೊಟ್ಟಿಯ ಮುಂದೆ ನಿಂತು, "ಎಂತದೋ ಇದು? ಗದ್ದೇಲಿ ಕಿತ್ತು ಎಸೆಯೋ ಕಳೆಗೆ ದೀಪ ಬೇರೆ ಹಾಕಿದ್ಯಾ?" ಅಂದರಂತೆ. ಮಗನಿಗೆ ಅವಮಾನ. ಆದರೆ ಅಮ್ಮ ಹೇಳಿದ್ದು ಸುಳ್ಳಲ್ಲ. ರೊಟಾಲಾ ಕುಲದ ಎಷ್ಟೋ ಗಿಡಗಳು ನಮ್ಮ ಭತ್ತದ ಗದ್ದೆಗಳಲ್ಲಿ, ಪಶ್ಚಿಮ ಘಟ್ಟದ ಜೌಗಿನಲ್ಲಿ ತಾವೇ ಬೆಳೆಯುತ್ತವೆ. ಜಗತ್ತಿನ ಅಕ್ವೇರಿಯಂ ಪ್ರಿಯರು ಆಸೆಪಡುವ ರೊಟಾಲಾ ಮ್ಯಾಕ್ರಾಂಡ್ರಾ ದಕ್ಷಿಣ ಭಾರತದ್ದೇ ಗಿಡ.

ಮರುದಿನ ಮಗ ಕೆಲಸಕ್ಕೆ ಹೋದ ಮೇಲೆ ಅಮ್ಮ ತೋಳು ಏರಿಸಿ ತೊಟ್ಟಿಗೆ ಕೈ ಹಾಕಿದ್ದಾರೆ. ಸೇವಂತಿಗೆಗೆ ಕುಡಿ ಚಿವುಟುವುದಿಲ್ಲವೇ, ಅದೇ ಕೈ. ಸಾಲಾಗಿ ಎಲ್ಲದರ ತಲೆ ತೆಗೆದು, ಕುಡಿಗಳನ್ನು ಒಂದು ಚೊಂಬು ನೀರಿನಲ್ಲಿ ಹಾಕಿಟ್ಟಿದ್ದಾರೆ. ಸಂಜೆ ಆ ಮಹಾಶಯರು ಫೋನ್ ಮಾಡಿದಾಗ ಮನೆಯಲ್ಲಿ ಯಾರಿಗೋ ಏನೋ ಆಯಿತು ಅಂದುಕೊಂಡೆ. ಹೋಗಿ ನೋಡಿದರೆ ಇವರ ಮುಖ ಸಪ್ಪೆ, ಅಮ್ಮ ಆರಾಮವಾಗಿ ಎಲೆಅಡಿಕೆ ಹಾಕುತ್ತಿದ್ದಾರೆ. "ಅಮ್ಮ ಮಾಡಿದ್ದೇ ಸರಿ" ಅಂದೆ. ಚೊಂಬಿನಲ್ಲಿದ್ದ ಕುಡಿಗಳನ್ನು ನಾನೇ ಮರಳಿಗೆ ನೆಟ್ಟು ಬಂದೆ. ಕೆಲವೇ ವಾರಗಳಲ್ಲಿ ತೊಟ್ಟಿಯ ಹಿಂಭಾಗ ಪೊದೆ ಪೊದೆ. ಆಮೇಲೆ ಅಮ್ಮ ಗಿಡದ ಬೆಲೆ ಕೇಳಿದಾಗ ಮಗ ಒಂದು ಸೊನ್ನೆ ಕಡಿಮೆ ಹೇಳಿದರಂತೆ. ಆದರೂ ಬೈಸಿಕೊಂಡರು.

ಇರಲಿ, ನನಗೆ ಕೊಟ್ಟ ಸಮಯ ಓಡುತ್ತಿದೆ. ಕತ್ತರಿಸುವುದು ಹೇಗೆ? ಹರಿತವಾದ ಕತ್ತರಿ ಬೇಕು. ಮೊಂಡು ಕತ್ತರಿ ಕಾಂಡವನ್ನು ಜಜ್ಜುತ್ತದೆ, ಜಜ್ಜಿದ್ದು ಕೊಳೆಯುತ್ತದೆ. ಗಿಣ್ಣಿಗಿಂತ ಸ್ವಲ್ಪ ಮೇಲೆ ಕತ್ತರಿಸಿ. ಎಷ್ಟು ಎತ್ತರದಲ್ಲಿ? ನೀವು ಅಂದುಕೊಂಡದ್ದಕ್ಕಿಂತ ಕೆಳಗೆ. ಕವಲು ಒಡೆಯುವುದು ಕತ್ತರಿಸಿದ ಜಾಗದಿಂದ, ಹಾಗಾಗಿ ಪೊದೆ ಶುರುವಾಗುವುದೂ ಅಲ್ಲಿಂದಲೇ. ತುದಿಯಲ್ಲಿ ಒಂದಿಷ್ಟು ಸವರಿ ಬಿಟ್ಟರೆ ಕೆಳಗಿನ ಕಡ್ಡಿ ಕಡ್ಡಿಯಾಗಿಯೇ ಉಳಿಯುತ್ತದೆ.

ಕತ್ತರಿಸಿದ ಕುಡಿ ನಿಮ್ಮ ಹೊಸ ಗಿಡ. 10ರಿಂದ 15 ಸೆಂಟಿಮೀಟರ್ ಉದ್ದ ಇದ್ದರೆ ಸಾಕು. ಕೆಳಗಿನ ಎರಡು ಗಿಣ್ಣಿನ ಎಲೆ ತೆಗೆದು, ಆ ಬರಿ ಗಿಣ್ಣುಗಳು ಮರಳಿನೊಳಗೆ ಹೋಗುವ ಹಾಗೆ ಚಿಮುಟದಲ್ಲಿ ಹಿಡಿದು ಓರೆಯಾಗಿ ನೆಡಿ. ಒಂದೊಂದೇ ಕಾಂಡ, ನಡುವೆ ಒಂದು ಬೆರಳಷ್ಟು ಜಾಗ. ಅಂಗಡಿಯಿಂದ ತಂದ ಕಟ್ಟನ್ನು ರಬ್ಬರ್ ಬ್ಯಾಂಡ್ ಸಮೇತ ಹೂಳುವವರಿದ್ದಾರೆ, ದಯವಿಟ್ಟು ಬೇಡ, ಒಳಗಿನದು ಕೊಳೆತು ನಾರುತ್ತದೆ. ವಾರ ಹತ್ತು ದಿನದಲ್ಲಿ ಬಿಳಿ ಬೇರು ಬರುತ್ತದೆ. ಹಲವು ಸಲ ಕತ್ತರಿಸಿದ ಮೇಲೆ ಹಳೆ ಬುಡ ಬಲಿತು ಚಿಗುರದೆ ಹೋದರೆ ಅದನ್ನು ಕಿತ್ತು, ಕುಡಿಗಳನ್ನೇ ಆ ಜಾಗದಲ್ಲಿ ನೆಡಿ.

ದೀಪ ದಿನಕ್ಕೆ 6ರಿಂದ 8 ಗಂಟೆ ಸಾಕು. ಇಂಗಾಲದ ಡೈಆಕ್ಸೈಡ್ ಸಿಲಿಂಡರು, ಕಬ್ಬಿಣದ ಗೊಬ್ಬರ, ಇದಕ್ಕೆಲ್ಲ ಇವತ್ತು ಹೊತ್ತಿಲ್ಲ. ಮೊದಲು ಕತ್ತರಿ ಹಿಡಿಯಿರಿ.

ಕೊನೆಗೆ, ತೇಲುವ ಚೂರುಗಳು. ಬಲೆಯಲ್ಲಿ ಎಲ್ಲವನ್ನೂ ಎತ್ತಿಬಿಡಿ. ಒಂದು ಗಿಣ್ಣು ಉಳಿದರೂ ಅದು ಗಿಡವಾಗುತ್ತದೆ, ಚರಂಡಿಯಲ್ಲೂ ಆಗುತ್ತದೆ. 2020ರಲ್ಲಿ ಕಲ್ಲಿಕೋಟೆ ಜಿಲ್ಲೆಯ ಆವಳ ಪಾಂಡಿಯಲ್ಲಿ ತೋಡಿನ ತುಂಬ ಗುಲಾಬಿ ಹೂ ಅರಳಿದ್ದನ್ನು ನೋಡಲು ಜನ ಸೇರಿದ್ದರಲ್ಲ, ಅದು ದಕ್ಷಿಣ ಅಮೆರಿಕ ಮೂಲದ ಕಬೊಂಬಾ. ಅತ್ತ ನಮ್ಮ ಹೈಗ್ರೊಫಿಲಾ ಅಮೆರಿಕದ ಫ್ಲಾರಿಡಾದ ಕಾಲುವೆಗಳಲ್ಲಿ ಕಳೆಯಾಗಿ ಕೂತಿದೆ. ನಿಮ್ಮಲ್ಲಿ ಹೆಚ್ಚಾದದ್ದನ್ನು ತೊಟ್ಟಿ ಇಟ್ಟ ಸ್ನೇಹಿತರಿಗೆ ಕೊಡಿ, ಉಳಿದದ್ದನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಹೂವಿನ ಕುಂಡಕ್ಕೆ ಹಾಕಿ. ಕೆರೆಗೆ ಮಾತ್ರ ಬೇಡ. ನಮಸ್ಕಾರ.