ಅಳತೆ ರವಿಕೆ: ಉಡುಪು ಮತ್ತು ಮನಸ್ಸಿನ ಬಗ್ಗೆ ಒಂದು ಉಪನ್ಯಾಸ

ಮಾನ್ಯ ಅಧ್ಯಕ್ಷರೇ, ಬಸವನಗುಡಿಯ ಸಹೃದಯರೇ,

ಯುಗಾದಿಗೆ ಇನ್ನು ಎಂಟೇ ದಿನಗಳಿವೆ. ಇಲ್ಲಿಗೆ ಬರುವಾಗ ಗಾಂಧಿ ಬಜಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಚಿಕ್ಕಪೇಟೆಯ ಸ್ಥಿತಿಯನ್ನು ನಿಮಗೆ ಬಣ್ಣಿಸಬೇಕಾಗಿಲ್ಲ. ಹೊಸ ಬಟ್ಟೆಯ ಅಂಚಿಗೆ ಅರಿಶಿನ ಮುಟ್ಟಿಸಿ, ದೇವರ ಮುಂದಿಟ್ಟು, ಹಿರಿಯರಿಗೆ ನಮಸ್ಕರಿಸಿ ಉಡುವವರು ನಾವು. ಬಟ್ಟೆಗೂ ಮನಸ್ಸಿಗೂ ನಂಟಿದೆಯೆಂದು ನಮಗೆ ಮನಶ್ಶಾಸ್ತ್ರ ಬಂದು ಕಲಿಸಬೇಕಾದ ಅಗತ್ಯವಿಲ್ಲ. ಆದರೂ ಆ ಶಾಸ್ತ್ರವನ್ನು ಮೂವತ್ತು ವರ್ಷ ಪಾಠ ಹೇಳಿದವಳಾಗಿ, ನಮ್ಮ ಮನೆಗಳಲ್ಲಿ ಪ್ರತಿದಿನ ಬೆಳಿಗ್ಗೆ ಕೇಳಿಬರುವ “ಇದೇನು ಅವತಾರ?”, “ಹೀಗೇ ಹೊರಡುತ್ತೀಯಾ?” ಎಂಬ ಗದರಿಕೆಗಳನ್ನು ನೆನೆದಾಗ ಒಂದು ಮಾತನ್ನು ಹೇಳಲೇಬೇಕೆನ್ನಿಸುತ್ತದೆ. ಬಾಯಿ ಆಡದ ಮಾತನ್ನು ಎಷ್ಟೋ ಸಲ ಉಡುಪು ಮೊದಲೇ ಆಡಿಬಿಟ್ಟಿರುತ್ತದೆ. ನಾವು ಅದನ್ನು ಕೇಳಿಸಿಕೊಳ್ಳುವ ಮೊದಲೇ ತಿದ್ದಲು ಹೊರಡುತ್ತೇವೆ.

“ಊಟ ತನ್ನಿಚ್ಛೆ, ನೋಟ ಪರರಿಚ್ಛೆ” ಎಂಬ ಗಾದೆಯನ್ನು ನೀವೆಲ್ಲ ಕೇಳಿ ಬೆಳೆದವರು. ನನಗೆ ಅದರ ಮೊದಲರ್ಧದ ಬಗ್ಗೆ ತಕರಾರಿಲ್ಲ, ಎರಡನೆಯ ಅರ್ಧದ ಬಗ್ಗೆ ಇದೆ. ಪರರ ನೋಟಕ್ಕಾಗಿ ಉಡುತ್ತೇವೆ, ಸರಿ. ಆದರೆ ಆ ಪರರು ನಿಜವಾಗಿ ಎಷ್ಟು ನೋಡುತ್ತಾರೆ? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ಅವರ ಸಂಗಡಿಗರು 2000ದಲ್ಲಿ ಒಂದು ಸರಳ ಪ್ರಯೋಗವನ್ನು ಪ್ರಕಟಿಸಿದರು. ಹಾಕಿಕೊಳ್ಳಲು ನಾಚಿಕೆಯಾಗುವಂಥ, ಒಬ್ಬ ಗಾಯಕನ ದೊಡ್ಡ ಚಿತ್ರವಿದ್ದ ಟೀ ಶರ್ಟನ್ನು ಒಬ್ಬ ವಿದ್ಯಾರ್ಥಿಗೆ ತೊಡಿಸಿ, ಇತರರು ಕುಳಿತಿದ್ದ ಕೋಣೆಗೆ ಕಳುಹಿಸಿದರು. ಕೋಣೆಯಲ್ಲಿದ್ದ ಸುಮಾರು ಅರ್ಧದಷ್ಟು ಜನ ಆ ಚಿತ್ರವನ್ನು ಗುರುತಿಸಿರುತ್ತಾರೆ ಎಂದು ತೊಟ್ಟವರು ಅಂದಾಜು ಮಾಡಿದರು. ನಿಜವಾಗಿ ಗುರುತಿಸಿದವರು ಕಾಲು ಭಾಗಕ್ಕಿಂತಲೂ ಕಡಿಮೆ. ಮದುವೆ ಮನೆಯಲ್ಲಿ “ಹೋದ ಸಲದ ಸೀರೆಯನ್ನೇ ಉಟ್ಟಿದ್ದೇನೆ, ಎಲ್ಲರಿಗೂ ಗೊತ್ತಾಗಿದೆ” ಎಂದು ಸಂಕಟಪಡುವ ಸೋದರಿಯರು ದಯವಿಟ್ಟು ಈ ಲೆಕ್ಕವನ್ನು ನೆನಪಿಡಿ. ಅಲ್ಲಿದ್ದವರ ಗಮನವೆಲ್ಲ ಅವರವರ ಸೀರೆಯ ಮೇಲೆಯೇ ಇರುತ್ತದೆ.

ಹಾಗಾದರೆ ನಮ್ಮನ್ನು ನೋಡುವ ಆ ಕಣ್ಣು ಯಾರದು? ಬಹುಪಾಲು ಅದು ನಮ್ಮೊಳಗೇ ಕುಳಿತಿರುವ ಕಣ್ಣು ಎಂದು ನನ್ನ ಅನುಭವ ಹೇಳುತ್ತದೆ. ಆ ಕಣ್ಣು ಅತಿಯಾಗಿ ಕಾಯುವಾಗ ಮನುಷ್ಯ ಆತಂಕಪಡುತ್ತಾನೆ. ಅದು ಮುಚ್ಚಿಹೋದಾಗ ಏನಾಗುತ್ತದೆ ಎಂಬುದನ್ನು ಹೇಳಲು ನನ್ನ ತಾಯಿಯ ಕಥೆಯನ್ನೇ ಹೇಳಬೇಕು.

ಅಮ್ಮ ಪ್ರೌಢಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದವಳು. ಭಾನುವಾರ ಬಂತೆಂದರೆ ಅನ್ನದ ಗಂಜಿಯನ್ನು ಸೋಸಿ, ವಾರದ ಆರು ಕಾಟನ್ ಸೀರೆಗಳನ್ನು ಅದ್ದಿ, ಮಹಡಿಯ ಮೇಲೆ ಒಣಹಾಕಿ, ಸಂಜೆ ನೀರು ಚಿಮುಕಿಸಿ ಇಸ್ತ್ರಿ ಮಾಡುವುದು ಅವಳಿಗೆ ವ್ರತದಂತಿತ್ತು. ಅವಳು ನಡೆದು ಬಂದರೆ ಸೀರೆಯ ಸದ್ದಿಗೇ ತರಗತಿ ಸುಮ್ಮನಾಗುತ್ತಿತ್ತು ಎಂದು ಅವಳ ವಿದ್ಯಾರ್ಥಿಗಳು ಈಗಲೂ ನೆನೆಯುತ್ತಾರೆ. ನಿವೃತ್ತಿಯಾದ ಕೆಲವೇ ತಿಂಗಳಲ್ಲಿ ಗಂಜಿ ನಿಂತಿತು. ಆಮೇಲೆ ಸೀರೆಯೂ ನಿಂತಿತು. ನೈಟಿಯ ಮೇಲೊಂದು ಟವೆಲ್ ಹೊದ್ದು ಗೇಟಿನ ಬಳಿ ಸೊಪ್ಪು ಕೊಳ್ಳುತ್ತಿದ್ದವಳು, ಕ್ರಮೇಣ ಗೇಟಿಗೂ ಬರದೆ ಕಿಟಕಿಯಿಂದಲೇ ಕೂಗಿ ಹೇಳತೊಡಗಿದಳು. “ಇಷ್ಟು ವರ್ಷ ದುಡಿದಿದ್ದಾಳೆ, ಈಗಲಾದರೂ ಆರಾಮವಾಗಿರಲಿ” ಎಂದೆ ನಾನು. ಅಣ್ಣ ಸೋಮಾರಿತನವೆಂದ. ಅದೇ ವಾರ ತರಗತಿಯಲ್ಲಿ ನಾನು ಕಲಿಸುತ್ತಿದ್ದ ಪಾಠ ಯಾವುದು ಗೊತ್ತೇ? ಮಾನಸಿಕ ಸ್ಥಿತಿಯ ಪರೀಕ್ಷೆ. ವೈದ್ಯರು ರೋಗಿಯನ್ನು ಕಂಡೊಡನೆ ಮೊದಲು ಬರೆದುಕೊಳ್ಳುವುದೇ ಹೊರನೋಟವನ್ನು: ಉಡುಪು ಹೇಗಿದೆ, ತಲೆ ಬಾಚಿದೆಯೇ, ತನ್ನ ದೇಹದ ಕಾಳಜಿ ಉಳಿದಿದೆಯೇ ಎಂದು. ಖಿನ್ನತೆಯಲ್ಲಿ ಈ ಕಾಳಜಿ ಕುಗ್ಗುತ್ತದೆ ಎಂದು ಕಪ್ಪುಹಲಗೆಯ ಮೇಲೆ ಬರೆದು ಮನೆಗೆ ಬರುತ್ತಿದ್ದ ನನಗೆ, ಮನೆಯೊಳಗೆ ಅದೇ ಪಾಠ ನೈಟಿ ತೊಟ್ಟು ಕುಳಿತಿದ್ದುದು ಕಾಣಲಿಲ್ಲ. ಇದನ್ನು ನೆನೆದರೆ ಇಂದಿಗೂ ನನ್ನ ಮನಸ್ಸು ನೋಯುತ್ತದೆ.

ಕೊನೆಗೆ ವೈದ್ಯರ ಬಳಿ ಹೋದೆವು. ಔಷಧಿ ಕೊಟ್ಟರು, ಜೊತೆಗೆ ಒಂದು ಕೆಲಸವನ್ನೂ ಕೊಟ್ಟರು. ಮನಸ್ಸಿರಲಿ, ಇಲ್ಲದಿರಲಿ, ಬೆಳಿಗ್ಗೆ ಒಂಬತ್ತಕ್ಕೆ ಶಾಲೆಗೆ ಹೊರಡುವಂತೆ ಸೀರೆ ಉಟ್ಟು ಸಿದ್ಧವಾಗಬೇಕು, ಬೀದಿಯ ಕೊನೆಯವರೆಗೆ ನಡೆದು ಬರಬೇಕು. ಉತ್ಸಾಹ ಬಂದ ಮೇಲೆ ಕೆಲಸ ಮಾಡೋಣವೆಂದು ಕಾದರೆ ಖಿನ್ನತೆಯಲ್ಲಿ ಉತ್ಸಾಹ ಬರುವುದೇ ಇಲ್ಲ. ನಡವಳಿಕೆ ಮುಂದೆ ಹೋಗಬೇಕು, ಭಾವ ಹಿಂದಿನಿಂದ ಬರುತ್ತದೆ. ಈ ಚಿಕಿತ್ಸಾಕ್ರಮ ಇಂದು ಚೆನ್ನಾಗಿ ಬೇರೂರಿದೆ. ಅಳುವುದರಿಂದಲೇ ನಮಗೆ ದುಃಖವಾಗುತ್ತದೆ ಎಂಬ ವಿಚಿತ್ರ ವಾದವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1884ರಲ್ಲಿಯೇ ಮಂಡಿಸಿದ್ದರು. ಆ ವಾದವನ್ನು ಪೂರ್ತಿ ಒಪ್ಪದಿದ್ದರೂ, ದೇಹದಿಂದ ಮನಸ್ಸಿಗೆ ಒಂದು ದಾರಿಯಿದೆ ಎಂಬುದನ್ನು ಒಪ್ಪಲೇಬೇಕು. ಅದೇ ಜೇಮ್ಸ್ “ನಾನು” ಎಂಬುದರ ಪದರಗಳನ್ನು ಎಣಿಸುವಾಗ ದೇಹವಾದ ಕೂಡಲೇ ಬಟ್ಟೆಯನ್ನು ಇಟ್ಟರು, ಮನೆ ಮಠಗಳಿಗಿಂತ ಮೊದಲು.

ಅಮ್ಮ ತುಂಬ ಇಳಿದುಹೋಗಿದ್ದಳು, ರವಿಕೆಗಳೆಲ್ಲ ಜೋಲುತ್ತಿದ್ದವು. ದರ್ಜಿಯ ಬಳಿ ಕರೆದೊಯ್ದೆ. ಮೈ ಅಳತೆ ಕೊಡುವುದು ಅವಳಿಗೆ ಸಂಕೋಚ, ಎಲ್ಲರಂತೆ ಅವಳದೂ ಒಂದು ಅಳತೆ ರವಿಕೆ ಇತ್ತು, ನೌಕರಿಯ ಕಾಲದ್ದು. ಆ ದರ್ಜಿ ನನಗೆ ಹೇಳಿದ ಮಾತನ್ನು ಯಾವ ಪಠ್ಯದಲ್ಲೂ ನಾನು ಓದಿಲ್ಲ. “ಮೇಡಂ, ಯಾರೂ ಇವತ್ತಿನ ಅಳತೆ ಕೊಡುವುದಿಲ್ಲ. ತಾವು ಚೆನ್ನಾಗಿದ್ದೆವು ಎಂದುಕೊಂಡ ಕಾಲದ ರವಿಕೆ ತಂದುಕೊಡುತ್ತಾರೆ. ನಾನು ಅವರಿಗೆ ಹೇಳದೆ ಒಳಗೆ ಬಟ್ಟೆ ಬಿಟ್ಟು ಹೊಲಿಯುತ್ತೇನೆ” ಎಂದರು. ಅಮ್ಮನ ಹಳೆಯ ರವಿಕೆಗಳನ್ನು ಅವರು ಕತ್ತರಿಸಲಿಲ್ಲ. ಪಕ್ಕದಲ್ಲಿ ಮೂರು ಸಾಲು ಹೊಲಿಗೆ ಹಾಕಿ, “ಟೀಚರ್, ಮೈ ತುಂಬಿಕೊಂಡ ಹಾಗೆಲ್ಲ ಒಂದೊಂದೇ ಸಾಲು ಬಿಚ್ಚಿಕೊಳ್ಳಿ” ಎಂದರು. ಮರುವರ್ಷದ ಯುಗಾದಿಯ ಹೊತ್ತಿಗೆ ಅಮ್ಮ ಮೊದಲನೆಯ ಸಾಲನ್ನು ಬಿಚ್ಚಿದಳು. ಆ ಭಾನುವಾರ ಮನೆಯಲ್ಲಿ ಮತ್ತೆ ಗಂಜಿಯ ವಾಸನೆ ಬಂತು.

ಚೀಟಿ ಬಂದಿದೆ, ಐದೇ ನಿಮಿಷವಂತೆ. ಬಣ್ಣಗಳ ಬಗ್ಗೆ ತಂದಿದ್ದ ಟಿಪ್ಪಣಿಯನ್ನು ಬದಿಗಿಡುತ್ತೇನೆ. ಕೆಂಪು ತೊಟ್ಟರೆ ಹೀಗೆ, ನೀಲಿ ತೊಟ್ಟರೆ ಹಾಗೆ ಎಂದು ಹೇಳುವವರನ್ನು ಅಷ್ಟಾಗಿ ನಂಬಬೇಡಿ ಎಂದರೆ ಸಾಕು. ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಒಂದೇ ಬಿಳಿ ಕೋಟನ್ನು ವೈದ್ಯರದೆಂದು ಹೇಳಿ ತೊಡಿಸಿದರೆ ಏಕಾಗ್ರತೆ ಹೆಚ್ಚುತ್ತದೆ, ಚಿತ್ರಕಾರರದೆಂದು ಹೇಳಿದರೆ ಹೆಚ್ಚುವುದಿಲ್ಲ ಎಂದು 2012ರಲ್ಲಿ ಆಡಂ ಮತ್ತು ಗ್ಯಾಲಿನ್ಸ್ಕಿ ಎಂಬ ಸಂಶೋಧಕರು ಬರೆದರು. ಅದು ಬಹಳ ಪ್ರಸಿದ್ಧವಾಯಿತು. ಆದರೆ ಅವರು ನಡೆಸಿದ ಪ್ರಯೋಗಗಳಲ್ಲಿ ಮೊದಲನೆಯದನ್ನು 2019ರಲ್ಲಿ ಬೇರೆಯವರು ಮರುಮಾಡಿದಾಗ ಅದೇ ಫಲ ದೊರೆಯಲಿಲ್ಲ. ಸೂಟು ತೊಟ್ಟರೆ ಬುದ್ಧಿ ಬೆಳೆಯುತ್ತದೆ ಎಂದು ಸಂದರ್ಶನಕ್ಕೆ ಹೊರಟ ಮಕ್ಕಳಿಗೆ ಹೇಳಬೇಡಿ. ತನಗೆ ಒಗ್ಗಿದ ಬಟ್ಟೆಯಲ್ಲಿ ಕುಳಿತವನು ಬಟ್ಟೆಯನ್ನು ಮರೆತು ಉತ್ತರ ಹೇಳುತ್ತಾನೆ.

“ನೋಟ ಪರರಿಚ್ಛೆ” ಎಂಬುದಕ್ಕೆ ನಮ್ಮ ನಾಡು ಕೊಟ್ಟ ಅತಿ ದೊಡ್ಡ ಉತ್ತರ ಅಕ್ಕಮಹಾದೇವಿಯದು. ಬಟ್ಟೆಯನ್ನೇ ಕಳಚಿ ನಡೆದ ಅವಳ ಮುಂದೆ ನೋಡುವವರೇ ತಮ್ಮ ನೋಟಕ್ಕೆ ಉತ್ತರ ಹೇಳಬೇಕಾಯಿತು. ಇದನ್ನು ವಿಸ್ತರಿಸಲು ಈಗ ಸಮಯವಿಲ್ಲ. ಬೇಸಿಗೆಯಲ್ಲೂ ದೊಗಳೆ ಕಪ್ಪು ಜರ್ಕಿನ್ ಬಿಚ್ಚದ ಹದಿನೈದರ ಹುಡುಗಿಯ ತಾಯಿ ಹೋದ ವಾರ ನನ್ನನ್ನು ಕಂಡಿದ್ದರು. ಜರ್ಕಿನ್ನಿನ ಮಾತೆತ್ತದೆ ಅವಳ ಪಕ್ಕದಲ್ಲಿ ಹತ್ತು ನಿಮಿಷ ಕುಳಿತುಕೊಳ್ಳಿ ಎಂದಷ್ಟೇ ಅವರಿಗೆ ಹೇಳಿದೆ. ಬೆಳೆಯುವ ಮೈಯ ನಾಚಿಕೆಯಿರಬಹುದು, ಯಾರದೋ ಚುಚ್ಚುಮಾತು ಇರಬಹುದು, ಬರಿಯ ಇಷ್ಟವೇ ಇರಬಹುದು. ಕೇಳಿಸಿಕೊಳ್ಳದೆ ಯಾವುದೆಂದು ತಿಳಿಯುವುದು ಹೇಗೆ?

ತೀರಿಕೊಂಡವರ ಬಟ್ಟೆಯನ್ನು ಯಾವಾಗ ಕೊಟ್ಟುಬಿಡಬೇಕು ಎಂದು ಬಹಳ ಮಂದಿ ಕೇಳುತ್ತಾರೆ. ನಾನು ದಿನ ಗೊತ್ತುಮಾಡಿ ಹೇಳುವುದಿಲ್ಲ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಕೌದಿ ಹೊಲಿದು ಮೊಮ್ಮಕ್ಕಳಿಗೆ ಹೊದಿಸುತ್ತಾರೆ. ಅದೂ ಒಂದು ದಾರಿ. ನನ್ನ ಬೀರುವಿನಲ್ಲಿ ಅಮ್ಮನ ಅಳತೆ ರವಿಕೆ ಇದೆ. ಮೂರು ಸಾಲು ಹಾಕಿದ ಇನ್ನೊಂದು ರವಿಕೆಯೂ ಅದರ ಪಕ್ಕದಲ್ಲೇ ಇದೆ. ಅದರಲ್ಲಿ ಎರಡು ಸಾಲು ಬಿಚ್ಚಿವೆ, ಕೊನೆಯದು ಹಾಗೆಯೇ ಉಳಿದಿದೆ. ಅಧ್ಯಕ್ಷರು ಎದ್ದು ನಿಂತಿದ್ದಾರೆ. ಪ್ರಶ್ನೆಗಳಿದ್ದರೆ ಹೊರಗೆ ಕಾಫಿಯ ಜಾಗದಲ್ಲಿ ಇರುತ್ತೇನೆ, ನಮಸ್ಕಾರ.