400 ಮೀಟರ್ ಓಟಗಾರರ ಪ್ಲಾನ್: ಮೊದಲು ವಿಶ್ರಾಂತಿ ಬರೆಯಿರಿ

ಕೋಚ್ ಮಿತ್ರರೇ, ಎಲ್ಲರಿಗೂ ನಮಸ್ಕಾರ.

ಕಾಲೇಜು ಹುಡುಗ ಹುಡುಗಿಯರಿಗೆ 400 ಮೀಟರ್ ಪ್ಲಾನ್ ಮಾಡುವಾಗ ನಾವು ಏನು ಬರೆಯುತ್ತೇವೆ? 200 ಮೀಟರ್ ಆರು ಸಲ, 300 ಮೀಟರ್ ನಾಲ್ಕು ಸಲ, ಹೀಗೆ. ನಡುವೆ ಎಷ್ಟು ಹೊತ್ತು ಬಿಡಬೇಕು ಅನ್ನೋದು ಮಾತ್ರ ಮೈದಾನದಲ್ಲಿ ಅಂದಾಜಿನ ಮೇಲೆ ನಡೆಯುತ್ತದೆ. ನಾನು ಹೇಳೋದು ಇಷ್ಟೇ: ಮೊದಲು ವಿಶ್ರಾಂತಿ ಬರೆಯಿರಿ, ಆಮೇಲೆ ಓಟ.

ಒಂದೇ 200 ಮೀಟರ್ ತಗೊಳ್ಳಿ. 2 ನಿಮಿಷ ಬಿಟ್ಟು ಆರು ಸಲ ಓಡಿಸಿದರೆ ವೇಗ ಇಳಿಸಲೇಬೇಕು, ಅಲ್ವಾ? ಅಲ್ಲಿ ಬೆಳೆಯೋದು ದಮ್ಮು. 10-12 ನಿಮಿಷ ಬಿಟ್ಟು ಮೂರೇ ಸಲ ಓಡಿಸಿದರೆ ಪ್ರತಿ ಓಟವೂ ಸ್ಪರ್ಧೆಯ ವೇಗದಲ್ಲಿರುತ್ತದೆ. ಕಾಲು ಕಟ್ಟಿಕೊಳ್ಳುವ ಹೊತ್ತಿನಲ್ಲೂ ವೇಗ ಹಿಡಿದಿಡೋದನ್ನು ದೇಹ ಕಲಿಯುತ್ತದೆ. ದೂರ ಅದೇ, ಕೆಲಸ ಬೇರೆ.

400ಕ್ಕೆ ಎರಡೂ ಬೇಕು. ಇದರಲ್ಲಿ ಖರ್ಚಾಗುವ ಶಕ್ತಿಯ ಸುಮಾರು 40 ಶೇಕಡಾ ಆಮ್ಲಜನಕ ಬಳಸಿಯೇ ಬರುತ್ತದೆ. ಉಳಿದದ್ದು ಆಮ್ಲಜನಕವಿಲ್ಲದ ದಾರಿಯಿಂದ. ಅದಕ್ಕೇ ಕೊನೆಯ 100 ಮೀಟರ್‌ನಲ್ಲಿ ಎಲ್ಲರೂ ನಿಧಾನವಾಗುತ್ತಾರೆ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ 43.03 ಸೆಕೆಂಡಿನ ವಿಶ್ವದಾಖಲೆ ಮಾಡಿದ ವೇಯ್ಡ್ ವಾನ್ ನೀಕರ್ಕ್ ಕೂಡ ಮೊದಲ 200ಕ್ಕಿಂತ ಎರಡನೇ 200ಕ್ಕೆ ಜಾಸ್ತಿ ಹೊತ್ತು ತಗೊಂಡರು. ಕಡಿಮೆ ನಿಧಾನವಾದವರೇ ಗೆಲ್ಲೋದು.

ಹಾಗಂತ ಸುಮ್ನೆ ಸುಸ್ತು ಮಾಡಿಸಿದರೆ ಆಗಲ್ಲ. ಲೆಕ್ಕ ನೋಡಿ. 200 ಮೀಟರ್ ಅನ್ನು 22 ಸೆಕೆಂಡಿನಲ್ಲಿ ಓಡುವವನು 400ರ ಮೊದಲರ್ಧವನ್ನು 23ರಲ್ಲಿ ಹಾಯಾಗಿ ದಾಟಬಹುದು. ಎರಡನೆಯದು 24.5 ಆದರೆ ಒಟ್ಟು 47.5. ಅದೇ ಅವನ 200ರ ಸಮಯ 23 ಆಗಿದ್ದರೆ, 23ರಲ್ಲಿ ದಾಟುವಷ್ಟರಲ್ಲೇ ಇದ್ದದ್ದೆಲ್ಲ ಖಾಲಿ. ಅದಕ್ಕೇ ವೇಗದ ಅಭ್ಯಾಸ ವರ್ಷಪೂರ್ತಿ ಇರಲಿ. ಪೂರ್ತಿ ವೇಗದ ಪ್ರತಿ 10 ಮೀಟರ್‌ಗೆ ಸುಮಾರು 1 ನಿಮಿಷ ವಿಶ್ರಾಂತಿ ಕೊಡಿ. 60 ಮೀಟರ್ ಓಡಿದರೆ 6 ನಿಮಿಷ. ಮಕ್ಕಳು ಸುಮ್ನೆ ನಿಂತಿದ್ದಾರೆ ಅಂತ ಚಡಪಡಿಸಬೇಡಿ. ಓಟದ ಶೈಲಿ ಕೆಟ್ಟ ತಕ್ಷಣ ಅವತ್ತಿನ ವೇಗದ ಕೆಲಸ ಮುಗಿಯಿತು.

400ರ ಒಲಿಂಪಿಕ್ ಚಾಂಪಿಯನ್ನರಾದ ಮೈಕೆಲ್ ಜಾನ್ಸನ್, ಜೆರೆಮಿ ವಾರಿನರ್ ಇಬ್ಬರನ್ನೂ ಬೆಳೆಸಿದ, ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಕೋಚ್ ಕ್ಲೈಡ್ ಹಾರ್ಟ್, ಸೀಸನ್ನಿನ ಆರಂಭದಲ್ಲಿ ನಿಧಾನದ 200ಗಳನ್ನು ಹೆಚ್ಚು ಓಡಿಸುತ್ತಿದ್ದರು. ವಾರಗಳು ಕಳೆದಂತೆ ಸಂಖ್ಯೆ ಇಳಿಸಿ, ವೇಗ ಏರಿಸುತ್ತಿದ್ದರು. ಈ ಕ್ರಮ ನನಗೆ ತುಂಬಾ ಇಷ್ಟ. ಆದರೆ ಅವರ ಅಂಕಿಗಳನ್ನು ನಿನ್ನೆ ಮೊನ್ನೆ ಟ್ರ್ಯಾಕ್‌ಗೆ ಬಂದವರ ಮೇಲೆ ಹೇರಬೇಡಿ.

100, 200ರಿಂದ ಬಂದವರೂ 800ರಿಂದ ಇಳಿದವರೂ ಒಂದೇ ಗುಂಪಿನಲ್ಲಿ ಇರುತ್ತಾರೆ. ಮೊದಲಿನವರಿಗೆ ಕಡಿಮೆ ಸಲ, ಹೆಚ್ಚು ವಿಶ್ರಾಂತಿ. ಎರಡನೆಯವರು ಕಡಿಮೆ ವಿಶ್ರಾಂತಿಯಲ್ಲೂ ಚೇತರಿಸಿಕೊಳ್ಳುತ್ತಾರೆ; ಅವರಿಗೆ ಬೇಕಾದ್ದು ವೇಗ.

ಎರಡು ಕಠಿಣ ದಿನಗಳ ನಡುವೆ 48 ಗಂಟೆಯಾದರೂ ಇರಲಿ. ಪರೀಕ್ಷೆಯ ವಾರಗಳನ್ನು ಪ್ಲಾನಿನಲ್ಲಿ ಮೊದಲೇ ಗುರುತು ಹಾಕಿ. ನಿದ್ದೆಗೆಟ್ಟ ಹುಡುಗಿಗೆ ಜೋರು 300ಗಳನ್ನು ಕೊಟ್ಟರೆ ಹ್ಯಾಮ್‌ಸ್ಟ್ರಿಂಗ್‌ಗೆ (ತೊಡೆಯ ಹಿಂದಿನ ಸ್ನಾಯುವಿಗೆ) ಅಪಾಯ. ಆ ವಾರ ಒಟ್ಟು ದೂರ ಅರ್ಧ ಮಾಡಿ, ಒಂದೆರಡು ಚಿಕ್ಕ ವೇಗದ ಓಟ ಮಾತ್ರ ಉಳಿಸಿ.

ಕೊನೆಯದಾಗಿ ರಿಲೇ. 400ರ ಹೀಟ್ಸ್ (ಅರ್ಹತಾ ಸುತ್ತು), ಫೈನಲ್, ಮೇಲೆ ನಾಲ್ವರ 4x400 ರಿಲೇ ಅಂದರೆ ಎರಡು ಮೂರು ದಿನದಲ್ಲಿ ಹಲವು ಪೂರ್ತಿ ಓಟ. ಕೂಟಕ್ಕೆ ಸುಮಾರು 10 ದಿನ ಇರುವಾಗಲೇ ಕೊನೆಯ ಭಾರೀ ಅಭ್ಯಾಸ ಮುಗಿಸಿ. ರಿಲೇ ಹೀಟ್ಸ್‌ಗೆ ಐದನೇ, ಆರನೇ ಓಟಗಾರರನ್ನೂ ತಯಾರು ಮಾಡಿ ಇಟ್ಟುಕೊಳ್ಳಿ. ಆಗ ನಿಮ್ಮ ಫೈನಲಿಸ್ಟ್‌ಗೆ ಆ ಹೊತ್ತು ಕೂತು ಸುಧಾರಿಸಿಕೊಳ್ಳಲು ಸಿಗುತ್ತದೆ.