ಎಸಿ ಇಲ್ಲದ ಪಿಕಪ್‌ಗೆ ಎಸಿ: ಸೆಕೆಗಿಂತ ಮಳೆಗೇ ಜಾಸ್ತಿ ಬೇಕು

ನಮಸ್ಕಾರ, ಮಂಗಳೂರಿಂದ. ಇವತ್ತು ಅಪ್ಪನ ಹಳೇ ಬೊಲೆರೊ ಪಿಕಪ್‌ಗೆ ಎಸಿ ಕೂರಿಸುತ್ತಿದ್ದೇವೆ. ಹಾಸನ ಕಡೆಯಿಂದ ತರಕಾರಿ ತುಂಬಿಕೊಂಡು ಶಿರಾಡಿ ಘಾಟಿ ಇಳಿದು ಬರುವ ಗಾಡಿ ಇದು. ಕಂಪನಿಯಿಂದ ಬರುವಾಗಲೇ ಎಸಿ ಇರಲಿಲ್ಲ.

ತರಕಾರಿ ಗಾಡಿಗೆ ಎಂಥ ಎಸಿ ಅಂತ ಸುಮಾರು ಜನ ಕೇಳಿದರು. ಏಪ್ರಿಲ್ ಸೆಕೆಯಲ್ಲಿ ಕಿಟಕಿ ಇಳಿಸಿಕೊಂಡು ಹೇಗೋ ಓಡಿಸಬಹುದು. ಜೂನ್‌ನಲ್ಲಿ ಕಿಟಕಿ ಇಳಿಸುವ ಹಾಗೇ ಇಲ್ಲ. ಹೊರಗೆ ಜೋರು ಮಳೆ, ಒಳಗೆ ಒದ್ದೆ ಬಟ್ಟೆ, ಇಬ್ಬರ ಉಸಿರು. ನೋಡುತ್ತಿದ್ದಂತೆ ಎದುರಿನ ಗಾಜು ಮಂಜು ಹಿಡಿಯುತ್ತದೆ. ಅಪ್ಪನ ಒಂದು ಕೈ ಸ್ಟೇರಿಂಗ್ ಮೇಲೆ, ಇನ್ನೊಂದರಲ್ಲಿ ಗಾಜು ಒರೆಸುವ ಬಟ್ಟೆ. ತಿರುವಿನಲ್ಲಿ ಎದುರಿಂದ ಟ್ಯಾಂಕರ್ ಬರುತ್ತಿರುತ್ತದೆ. ಪಕ್ಕದಲ್ಲಿ ಕೂತು ಅದನ್ನು ನೋಡಿದವನಿಗೆ ಎಸಿ ಶೋಕಿ ಅಂತ ಅನ್ನಿಸುವುದಿಲ್ಲ.

ಎಸಿ ಗಾಳಿಯನ್ನು ಒಣಗಿಸುತ್ತದೆ, ನಮಗೆ ಬೇಕಾದದ್ದು ಅದೇ. ಕೂಲಿಂಗ್ ಕಾಯಿಲ್ ತಣ್ಣಗಿರುತ್ತದೆ. ಅದರ ಮೇಲೆ ಹಾದು ಹೋಗುವ ಗಾಳಿಯ ತೇವ ಅಲ್ಲೇ ನೀರಾಗಿ ಪೈಪಿನಲ್ಲಿ ಹೊರಗೆ ಇಳಿದುಬಿಡುತ್ತದೆ. ನಿಂತ ಕಾರಿನಡಿ ತೊಟ್ಟಿಕ್ಕುತ್ತದಲ್ಲ, ಆ ನೀರು. ಗಾಜಿಗೆ ಒಣಗಾಳಿ ತಾಗಿದರೆ ಮಂಜು ಬಿಡುತ್ತದೆ.

2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ. ಆದರೆ ಆ ನಿಯಮ ಒಟ್ಟು ತೂಕ 3.5 ಟನ್ ದಾಟಿದ ಗಾಡಿಗಳಿಗೆ. ನಮ್ಮಂಥ ಪಿಕಪ್ ಅದರೊಳಗೆ ಬರುವುದಿಲ್ಲ. ಪಿಕಪ್‌ನವರು ಓಡಿಸುವುದೂ ಅದೇ ಘಾಟಿಯಲ್ಲಿ, ಅದೇ ಮಳೆಯಲ್ಲಿ ಅಲ್ವಾ? ಅವರಿಗೂ ಕೊಡಬೇಕು.

ಈಗ ಸಾಮಾನು ನೋಡಿ. ಇದು ಗ್ಯಾಸನ್ನು ಒತ್ತಿ ತಳ್ಳುವ ಕಂಪ್ರೆಸರ್, ಇದು ಅದನ್ನು ಎಂಜಿನ್‌ಗೆ ಕೂರಿಸುವ ಬ್ರಾಕೆಟ್. ನಮ್ಮ 2523 ಸಿಸಿ ಡೀಸೆಲ್ ಎಂಜಿನ್ ಬೊಲೆರೊ ಜೀಪಿನಲ್ಲೂ ಇತ್ತು, ಅದರಲ್ಲಿ ಎಸಿ ಬರುತ್ತಿತ್ತು. ಹಾಗಾಗಿ ಬ್ರಾಕೆಟ್, ಪುಲ್ಲಿ ಹುಡುಕಲು ಕಷ್ಟವಾಗಲಿಲ್ಲ. ಇವೆಲ್ಲ ಸೆಕೆಂಡ್ ಹ್ಯಾಂಡ್. ಡ್ರೈಯರ್ ಬಾಟಲ್, ಓ-ರಿಂಗ್, ಹೋಸ್ ಮಾತ್ರ ಹೊಸತೇ ತಂದೆವು. ಡ್ರೈಯರ್ ಒಳಗೆ ತೇವ ಹೀರುವ ಕಾಳುಗಳಿರುತ್ತವೆ. ಬಾಯಿ ತೆರೆದಿಟ್ಟರೆ ಊರಿನ ತೇವವನ್ನೆಲ್ಲ ಕುಡಿದು ಅದು ಕೆಲಸಕ್ಕೆ ಬಾರದಂತಾಗುತ್ತದೆ. ಹಳೇ ಡ್ರೈಯರ್ ಯಾರು ಸುಮ್ನೆ ಕೊಟ್ಟರೂ ಬೇಡ.

ಕಾಯಿಲ್ ಬಾಕ್ಸ್ ಡ್ಯಾಶ್‌ಬೋರ್ಡ್ ಕೆಳಗೆ ಬಂತು. ಮುಖಕ್ಕೆ ಗಾಳಿ ಬರುವಂತೆ ಮಾಡಿ ಕೆಲಸ ಮುಗಿಸುವುದು ವಾಡಿಕೆ. ನಾನು ಹಠ ಹಿಡಿದು ಒಂದು ಪೈಪನ್ನು ಗಾಜಿನ ಬುಡಕ್ಕೆ ಎಳೆಸಿದೆ. ಇಡೀ ಕೆಲಸದಲ್ಲಿ ನನಗೆ ಮುಖ್ಯವಾದದ್ದು ಈ ಪೈಪೇ.

ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡಿ. ಒತ್ತಡ ತೋರಿಸುವ ನೀಲಿ ಮೀಟರಿನ ಮುಳ್ಳು ಸೊನ್ನೆಯಿಂದ ಕೆಳಗೆ ಇಳಿಯುತ್ತಿದೆ. ವ್ಯಾಕ್ಯೂಮ್ ಪಂಪ್ ಪೈಪುಗಳೊಳಗಿನ ಗಾಳಿ ಎಳೆಯುತ್ತಿದೆ. ಒತ್ತಡ ಅಷ್ಟು ಕಡಿಮೆಯಾದಾಗ ಒಳಗಿನ ನೀರು ಬಿಸಿ ಮಾಡದೆಯೇ ಕುದಿದು ಆವಿಯಾಗಿ ಹೊರಗೆ ಬರುತ್ತದೆ. ಮುಳ್ಳು 29 ಇಂಚಿನ ಹತ್ತಿರ ಹೋಯಿತು, ಅಂದರೆ ಒಳಗೆ ಗಾಳಿ ಹೆಚ್ಚುಕಡಿಮೆ ಖಾಲಿ. ಎಸಿ ಕೂರಿಸುತ್ತಿರುವ ಮೆಕ್ಯಾನಿಕ್ ಅಣ್ಣ ವಾಲ್ವ್ ಮುಚ್ಚಿ, ಪಂಪ್ ನಿಲ್ಲಿಸಿ, ಅರ್ಧ ಗಂಟೆ ಮುಳ್ಳನ್ನೇ ನೋಡುತ್ತಾ ಕೂತರು. "ಗ್ಯಾಸ್ ಹಾಕುವುದು ಹತ್ತು ನಿಮಿಷದ ಕೆಲಸ ಮಾರಾಯ್ರೆ, ಲೀಕ್ ಇಲ್ಲ ಅಂತ ಗೊತ್ತು ಮಾಡಿಕೊಳ್ಳುವುದೇ ಕೆಲಸ" ಅಂದರು. ಮುಳ್ಳು ಅಲುಗಲಿಲ್ಲ. ವ್ಯಾಕ್ಯೂಮ್ ಮಾಡದೆ ನೇರ ಗ್ಯಾಸ್ ಹಾಕಲು ಬಂದರೆ ದಯವಿಟ್ಟು ಒಪ್ಪಬೇಡಿ. ಒಳಗೆ ಉಳಿದ ನೀರು, ಗ್ಯಾಸ್ ಹಿಗ್ಗಿ ತಣ್ಣಗಾಗುವ ಸಣ್ಣ ದಾರಿಯಾದ ಎಕ್ಸ್‌ಪಾನ್ಷನ್ ವಾಲ್ವ್‌ನಲ್ಲಿ ಐಸ್ ಆಗಿ ದಾರಿ ಕಟ್ಟುತ್ತದೆ.

ಗ್ಯಾಸ್ ಆರ್-134ಎ. ಎಸಿ ಜೊತೆಗೇ ಬಂದ ಗಾಡಿಯಾದರೆ ಎಷ್ಟು ಗ್ರಾಂ ಅಂತ ಬಾನೆಟ್ ಒಳಗೆ ಸ್ಟಿಕರ್ ಇರುತ್ತದೆ. ನಮ್ಮದಕ್ಕೆ ಅದೆಲ್ಲಿಂದ ಬರಬೇಕು? ಒತ್ತಡದ ಎರಡೂ ಮೀಟರ್ ನೋಡಿಕೊಂಡು ನಿಧಾನವಾಗಿ ಬಿಟ್ಟರು. ಬಿಸಿ ಗ್ಯಾಸನ್ನು ಹೊರಗಾಳಿಗೆ ತಣಿಸುವ ಕಂಡೆನ್ಸರ್ ಮುಂದೆ ಬೇರೆ ಫ್ಯಾನ್ ಹಾಕಿ, ಅದಕ್ಕೊಂದು ರಿಲೇ, ಅಂದರೆ ಕರೆಂಟಿನಿಂದ ಕೆಲಸ ಮಾಡುವ ಸ್ವಿಚ್, ಕೊಟ್ಟಿದ್ದಾರೆ. ಟ್ರಾಫಿಕ್ಕಿನಲ್ಲಿ ನಿಂತಾಗ ಈ ಫ್ಯಾನ್ ಇಲ್ಲದಿದ್ದರೆ ಎಸಿ ಇದ್ದೂ ಪ್ರಯೋಜನವಿಲ್ಲ.

ಸುರತ್ಕಲ್‌ವರೆಗೆ ಹೋಗಿ ಬಂದೆವು, ಒಳ್ಳೇ ಮಳೆಯೂ ಸಿಕ್ಕಿತು. ಗಾಜು ಬುಡದಿಂದ ಮೇಲಕ್ಕೆ ತಿಳಿಯಾಗುತ್ತಾ ಹೋಯಿತು. ಅಪ್ಪ ಬಟ್ಟೆ ಮುಟ್ಟಲಿಲ್ಲ. ನನಗೆ ಅಷ್ಟು ಸಾಕು.

ಲೋಡ್ ಇಟ್ಟುಕೊಂಡು ಘಾಟಿ ಹತ್ತುವಾಗ ಎಸಿ ಆಫ್ ಮಾಡುತ್ತೇವೆ, ಕಂಪ್ರೆಸರ್ ತಿರುಗಿಸಲು ಎಂಜಿನ್ ಶಕ್ತಿ ಹೋಗುತ್ತದೆ. ಕಡಲ ಪಕ್ಕದ ಊರಾದ್ದರಿಂದ ಕಂಡೆನ್ಸರ್ ಮೇಲೆ ಉಪ್ಪು ಕೂರುತ್ತದೆ. ಗಾಡಿ ತೊಳೆಯುವಾಗ ಅದಕ್ಕೂ ಒಳ್ಳೇ ನೀರು ಬಿಡಿ, ಜೋರಾಗಿ ಬೇಡ, ಅದರ ತೆಳು ತಗಡಿನ ರೆಕ್ಕೆಗಳು ಮಡಚುತ್ತವೆ.

ಇನ್ನು ಬಾಗಿಲಿನ ರಬ್ಬರ್ ಬೀಡಿಂಗ್ ಬಾಕಿ ಉಂಟು. ಎಡಗಡೆಯದು ಸವೆದು ನೀರು ಒಳಗೆ ಬರುತ್ತಿದೆ. ಮುಂದಿನ ವಿಡಿಯೋದಲ್ಲಿ ಅದನ್ನು ಬದಲಿಸುತ್ತೇವೆ. ಇದೇ ಗಾಡಿ ನಿಮ್ಮಲ್ಲಿದ್ದರೆ, ಯಾವ ಬೀಡಿಂಗ್ ಬಾಳಿಕೆ ಬಂತು ಅಂತ ತಿಳಿಸಿ.